ಗಿರತೆಗೂ ಒಂದು ಪುಸ್ತಕ ಬೇಕು

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರ ಬರುತ್ತಿದ್ದಂತೆ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿ, ಈಗಿನ ಹೆಸರಿನಲ್ಲಿ ಹೇಳುವುದಾದರೆ ಅರಿವು ಕೇಂದ್ರಗಳಲ್ಲಿ, ಮಕ್ಕಳಿಗಾಗಿ ಏನೇನು ಮಾಡಬೇಕೆಂಬ ಮಾತು ಶುರುವಾಗುತ್ತದೆ. ಆ ಮಾತಿನಲ್ಲಿ ರಸಪ್ರಶ್ನೆ, ಚದುರಂಗ, ಕಂಪ್ಯೂಟರ್, ಭಾಷಣ ಸ್ಪರ್ಧೆ ಎಲ್ಲವೂ ಬರುತ್ತವೆ. ಇನ್ನೂ ಓದಲು ಬಾರದ, ಅಥವಾ ಈಗಷ್ಟೇ ಅಕ್ಷರ ಕೂಡಿಸುತ್ತಿರುವ ಮೂರರಿಂದ ಏಳು ವರ್ಷದ ಮಕ್ಕಳ ಕೈಗೆ ಯಾವ ಪುಸ್ತಕ ಕೊಡಬೇಕು ಎಂಬ ಪ್ರಶ್ನೆ ಮಾತ್ರ ಬರುವುದಿಲ್ಲ. ಆ ವಯಸ್ಸಿನ ಮಕ್ಕಳಿಗೆ ಬೇಕಾದದ್ದು ಚಿತ್ರವೇ ಮುಕ್ಕಾಲು ಕತೆ ಹೇಳುವ, ಚೇಷ್ಟೆಯೂ ವಿಚಿತ್ರ ಕಲ್ಪನೆಯೂ ತುಂಬಿದ, ಕನ್ನಡದಲ್ಲೇ ಹುಟ್ಟಿದ ಚಿತ್ರಪುಸ್ತಕ. ಅಂಥವು ನಮ್ಮಲ್ಲಿ ಏಕೆ ಇಷ್ಟು ವಿರಳ, ಇರುವ ಕೆಲವು ಕೂಡ ಮಕ್ಕಳ ಕೈಗೆ ಏಕೆ ಸಿಗುವುದಿಲ್ಲ ಎಂಬ ಬಗ್ಗೆ ನನ್ನ ಅನುಭವವನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ನಾನು 31 ವರ್ಷ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ, ಅದರಲ್ಲೂ ಹೆಚ್ಚಿನ ಕಾಲ ಒಂದರಿಂದ ಮೂರನೆಯ ತರಗತಿಯ ಮಕ್ಕಳೊಂದಿಗೆ ಕೆಲಸ ಮಾಡಿ ನಿವೃತ್ತಳಾದವಳು. ಈಗ ಶನಿವಾರ ಮಧ್ಯಾಹ್ನದ ಹೊತ್ತು ಊರಿನ ಗ್ರಂಥಾಲಯದ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪುಸ್ತಕ ಓದಿ ಹೇಳುತ್ತೇನೆ. ನಮ್ಮ ತುರುವೇಕೆರೆ ಸೀಮೆಯಲ್ಲಿ ಚಿರತೆಯ ಭಯ ನಿಜವಾದದ್ದು. ಕತ್ತಲಾಗುವ ಮೊದಲೇ ನಾಯಿಯನ್ನು ಒಳಗೆ ಕಟ್ಟುವ ಮನೆಗಳಿವೆ. ಒಂದು ಶನಿವಾರ ಮಕ್ಕಳನ್ನು ಮನೆಗೆ ಕಳಿಸುವಾಗ ರೂಢಿಯ ಮಾತಿನಂತೆ, “ತೋಟದ ದಾರೀಲಿ ಒಬ್ಬೊಬ್ಬರೇ ಹೋಗಬೇಡಿ, ಚಿರತೆ ಗಿರತೆ ಇದ್ದಾವು” ಎಂದೆ. ಒಂದನೆಯ ತರಗತಿಯ ಹುಡುಗಿಯೊಬ್ಬಳು ಬಾಗಿಲ ಬಳಿಯೇ ನಿಂತು ಕೇಳಿದಳು: “ಮಿಸ್, ಚಿರತೆ ಗೊತ್ತು. ಗಿರತೆ ಹೆಂಗಿರ್ತೈತೆ?”

ನನಗೆ ಉತ್ತರ ಗೊತ್ತಿರಲಿಲ್ಲ. ಮುಂದಿನ ವಾರ ಬರೆದುಕೊಂಡು ಬಾ ಎಂದೆ. ಅವಳು ತಂದ ಚಿತ್ರ ಈಗಲೂ ನನ್ನ ಬಳಿ ಇದೆ. ಅದರಲ್ಲಿ ಮುಂದೆ ಚಿರತೆ ನಡೆಯುತ್ತಿದೆ, ಅದರ ಮೈಯಿಂದ ಚುಕ್ಕೆಗಳು ಒಂದೊಂದಾಗಿ ಉದುರಿ ದಾರಿಯಲ್ಲಿ ಬೀಳುತ್ತಿವೆ. ಹಿಂದೆ, ಮೊಲದಷ್ಟೇ ದೊಡ್ಡದಾದ, ಮೈಮೇಲೆ ಒಂದು ಚುಕ್ಕೆಯೂ ಇಲ್ಲದ, ಉದ್ದ ಕಿವಿಯ ಪ್ರಾಣಿಯೊಂದು ಕಂಕುಳಲ್ಲಿ ಮಂಕರಿ ಇಟ್ಟುಕೊಂಡು ಆ ಚುಕ್ಕೆಗಳನ್ನು ಆರಿಸಿ ಹಾಕಿಕೊಳ್ಳುತ್ತಿದೆ. ಅದೇ ಗಿರತೆ. ಆರು ವರ್ಷದ ಮಗುವಿನ ಕಲ್ಪನೆಯಲ್ಲಿ ಚಿರತೆಗೆ ಬೆಳಗಾಗುವುದರೊಳಗೆ ಚುಕ್ಕೆ ವಾಪಸು ಬೇಕು, ಗಿರತೆಗೋ ಒಂದಾದರೂ ಚುಕ್ಕೆಯನ್ನು ತನಗಾಗಿ ಉಳಿಸಿಕೊಳ್ಳಬೇಕೆಂಬ ಆಸೆ. ನಾನು ಮೇಷ್ಟರ ಕೆಲಸದಲ್ಲಿ ಕಳೆದ ಇಷ್ಟು ವರ್ಷಗಳಲ್ಲಿ ಇದಕ್ಕಿಂತ ಚೆನ್ನಾದ ಕತೆಯ ಬೀಜವನ್ನು ಕಂಡಿಲ್ಲ.

ನಾವು ಅದನ್ನು ಪುಸ್ತಕ ಮಾಡಿದೆವು. ನಾಲ್ಕು ಡ್ರಾಯಿಂಗ್ ಹಾಳೆಗಳನ್ನು ಒಂದರೊಳಗೊಂದು ಮಡಚಿದರೆ 16 ಪುಟಗಳಾಗುತ್ತವೆ. ಮಡಿಕೆಯ ಮೇಲೆ ದಬ್ಬಳದಿಂದ ಗೋಣಿದಾರ ಹಾಕಿ ಹೊಲಿದು, ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನು ರಕ್ಷಾಪುಟ ಮಾಡಿದೆವು. ಪುಟಕ್ಕೆ ಒಂದೇ ಸಾಲು, ಮಿಕ್ಕಿದ್ದೆಲ್ಲ ಚಿತ್ರ. ಏಳನೆಯ ಪುಟದಲ್ಲಿ ಮಕ್ಕಳು ಹೇಳಿಸಿ ಬರೆಸಿದ ಸಾಲು, “ಗಿರತೆ ಯಾರಿಗೂ ಕಾಣದ ಹಾಗೆ ಅಡಗಿಕೊಂಡಿತು” ಎಂದು. ಚಿತ್ರದಲ್ಲಿ ತೆಂಗಿನ ಸೋಗೆಯ ರಾಶಿಯ ಒಂದು ಕೊನೆಯಿಂದ ಅದರ ಬಾಲವೂ ಇನ್ನೊಂದು ಕೊನೆಯಿಂದ ಎರಡು ಕಿವಿಗಳೂ ಹೊರಗಿವೆ. ನಾನು ಆ ಸಾಲನ್ನು ಗಂಭೀರವಾಗಿ ಓದಿದಾಗಲೆಲ್ಲ ಕೂತ ಮಕ್ಕಳೆಲ್ಲ ಒಟ್ಟಿಗೆ “ಅಲ್ಲೈತೆ, ಅಲ್ಲೈತೆ!” ಎಂದು ಕೂಗಿ ಪುಟದ ಮೇಲೆ ಬೆರಳಿಡುತ್ತಾರೆ. ಇದುವರೆಗೆ ಎಷ್ಟು ಸಲ ಓದಿದ್ದೇನೋ ಲೆಕ್ಕವಿಟ್ಟಿಲ್ಲ, ಆ ಪುಟಕ್ಕೆ ಬಂದಾಗ ಆ ಕೂಗು ಒಮ್ಮೆಯೂ ತಪ್ಪಿಲ್ಲ.

ಚಿತ್ರಪುಸ್ತಕದ ಗುಟ್ಟು ಆ ಏಳನೆಯ ಪುಟದಲ್ಲಿದೆ ಎಂದು ನಾನು ನಂಬಿದ್ದೇನೆ. ಮಾತು ಒಂದನ್ನು ಹೇಳುತ್ತದೆ, ಚಿತ್ರ ಇನ್ನೊಂದನ್ನು ತೋರಿಸುತ್ತದೆ, ಆ ಎರಡರ ನಡುವಿನ ವ್ಯತ್ಯಾಸವನ್ನು ಹಿಡಿಯುವ ಕೆಲಸ ಮಗುವಿನದು. ಅಕ್ಷರ ಬಲ್ಲ ನನಗಿಂತ ಅಕ್ಷರ ಬಾರದ ಮಗುವಿಗೆ ಆ ಕ್ಷಣದಲ್ಲಿ ಹೆಚ್ಚು ತಿಳಿದಿರುತ್ತದೆ. ಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಮುದುರಿ ಕೂರುವ ಮಗು ಕೂಡ ಇಲ್ಲಿ ಎದ್ದು ನಿಲ್ಲುತ್ತದೆ, ಏಕೆಂದರೆ ಉತ್ತರ ಅದರ ಕಣ್ಣೆದುರಿಗೇ ಇದೆ ಮತ್ತು ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಮಾತಿನಲ್ಲಿ “ಆನೆ ನೀರು ಕುಡಿಯಿತು” ಎಂದಿದ್ದು, ಪಕ್ಕದಲ್ಲಿ ಆನೆ ನೀರು ಕುಡಿಯುವ ಚಿತ್ರವನ್ನೇ ಬರೆದಿದ್ದರೆ ಮಗುವಿಗೆ ಮಾಡಲು ಏನೂ ಉಳಿಯುವುದಿಲ್ಲ. ನಮ್ಮಲ್ಲಿ ಮಕ್ಕಳ ಪುಸ್ತಕವೆಂದು ಬರುವ ಬಹುಪಾಲು ಪುಸ್ತಕಗಳಲ್ಲಿ ಚಿತ್ರದ ಪಾಡು ಇಷ್ಟೇ.

ಇಂಥ ಚೇಷ್ಟೆ ಕನ್ನಡಕ್ಕೆ ಹೊಸದೇನೂ ಅಲ್ಲ. ಅವಲಕ್ಕಿ ಪವಲಕ್ಕಿ ಎಂದು ಬೆರಳೆಣಿಸುವ ಆಟದ ಪದದಲ್ಲಿ ಅರ್ಥ ಹುಡುಕಿದವರು ಯಾರಿದ್ದಾರೆ? ಬಿಜಾಪುರದ ಆನೆ ಹಾದಿ ತಪ್ಪಿ ಊರಿಗೆ ಬಂದು, ಹಾದಿಗೊಂದು ಬೀದಿಗೊಂದು ದುಡ್ಡು ಗಳಿಸಿ, ಆ ದುಡ್ಡಿನಲ್ಲಿ ಸೇರು ಕೊಬ್ಬರಿ ತಂದ ಹಾಡನ್ನು ಕೊಬ್ಬರಿಗೆ ಹೆಸರಾದ ನಮ್ಮ ಸೀಮೆಯಲ್ಲಿ ಅಜ್ಜಿಯಂದಿರು ಮೊಮ್ಮಕ್ಕಳನ್ನು ಕಾಲ ಮೇಲೆ ಕೂರಿಸಿಕೊಂಡು ತೂಗುತ್ತಾ ಹೇಳಿದರು. ಆ ಆನೆಯಿಂದ ಏನು ಕಲಿಯಬೇಕು ಎಂದು ಅಜ್ಜಿಯೂ ಹೇಳಲಿಲ್ಲ, ಮಗುವೂ ಕೇಳಲಿಲ್ಲ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಅವರಂಥ ಹಿರಿಯರು ಈ ಬಾಯಿಮಾತಿನ ಲಯವನ್ನು ಅಚ್ಚಿಗೆ ತಂದು ಶಿಶುಗೀತೆಯನ್ನು ಬಹಳ ಎತ್ತರಕ್ಕೆ ಒಯ್ದರು. ಆದರೆ ನಾವು ಮಕ್ಕಳಾಗಿದ್ದಾಗ ಓದಿದ ಪುಸ್ತಕಗಳಲ್ಲಿ ಚಿತ್ರವೆಂಬುದು ಪದ್ಯದ ಪಕ್ಕದ ಒಂದು ಸಣ್ಣ ಅಲಂಕಾರವಾಗಿತ್ತೇ ಹೊರತು ಕತೆಯ ಅರ್ಧ ಭಾರ ಹೊರುವ ಪಾಲುದಾರನಾಗಿರಲಿಲ್ಲ. ಮುದ್ರಣದ ಬಡತನ ಅದಕ್ಕೆ ಕಾರಣವೆಂದು ಆಗ ಹೇಳಬಹುದಿತ್ತು. ಈಗ ಆ ಕಾರಣ ಉಳಿದಿಲ್ಲ.

ಈ ವಿಚಾರದಲ್ಲಿ ಬಂಗಾಳಿ ಭಾಷೆ ನಮಗಿಂತ ಬಹಳ ಮುಂದಿತ್ತು. ಉಪೇಂದ್ರಕಿಶೋರ್ ರಾಯ್ 1913ರಲ್ಲೇ ಮಕ್ಕಳ ಪತ್ರಿಕೆ ಆರಂಭಿಸಿದರು, ಅವರು ಸ್ವತಃ ಅಚ್ಚಿನ ತಂತ್ರ ಬಲ್ಲವರು. ಅವರ ಮಗ ಸುಕುಮಾರ ರಾಯ್ ಇಂಗ್ಲೆಂಡಿಗೆ ಹೋಗಿ ಮುದ್ರಣ ವಿದ್ಯೆ ಕಲಿತು ಬಂದು, ಎರಡು ಪ್ರಾಣಿಗಳ ಹೆಸರುಗಳನ್ನು ಬೆಸೆದು ಮೂರನೆಯದೊಂದು ಪ್ರಾಣಿಯನ್ನು ಸೃಷ್ಟಿಸಿ, ಅದರ ಪದ್ಯವನ್ನೂ ತಾವೇ ಬರೆದು, ಚಿತ್ರವನ್ನೂ ತಾವೇ ಬಿಡಿಸಿದರು. ಅವರ ಅಂಥ ಪದ್ಯಗಳ ಸಂಕಲನ 1923ರಲ್ಲಿ ಬಂತು. ಬರೆಯುವ ಕೈ, ಚಿತ್ರಿಸುವ ಕೈ, ಅಚ್ಚು ಹಾಕುವ ಕೈ ಮೂರೂ ಒಂದೇ ಮನೆಯಲ್ಲಿದ್ದುದರಿಂದಲೇ ಆ ಬೆಳೆ ಅಷ್ಟು ಹುಲುಸಾಗಿ ಬಂತೆಂದು ನನಗೆ ತೋರುತ್ತದೆ.

ನಮ್ಮ ಭಾಷೆಯಲ್ಲಿ ಗಿರತೆಯಂಥ ಪ್ರಾಣಿಗಳು ಆಗಲೇ ಹುಟ್ಟಿ, ನಿಘಂಟಿನಲ್ಲಿ ಜಾಗವಿಲ್ಲದೆ ತಿರುಗಾಡುತ್ತಿವೆ. ಮರ ಗಿರ, ಹಾವು ಗೀವು, ಆನೆ ಗೀನೆ, ಬಸ್ಸು ಗಿಸ್ಸು. ಮೊದಲ ಅಕ್ಷರ ಹ್ರಸ್ವವಾದರೆ ಗಿ, ದೀರ್ಘವಾದರೆ ಗೀ ಎಂಬ ನಿಯಮವನ್ನು ಮೂರು ವರ್ಷದ ಮಗುವೂ ಯಾರೂ ಕಲಿಸದೆ ಪಾಲಿಸುತ್ತದೆ. ತಮಿಳು, ತೆಲುಗು ಬಲ್ಲವರಿಗೂ ಈ ಆಟ ತಮ್ಮದೇ ಎನಿಸುತ್ತದೆ, ಆದರೆ ಇಂಗ್ಲಿಷಿನಿಂದ ಬಂದ ಪುಸ್ತಕದಲ್ಲಿ ಇದು ಎಂದಿಗೂ ಸಿಗದು. ದಬದಬ, ಚಟಪಟ, ಗರಗರ, ಸರಸರ ಎಂಬ ನಮ್ಮ ಅನುಕರಣಾವ್ಯಯಗಳ ಸಂಪತ್ತನ್ನೂ ಇದರ ಜೊತೆಗೆ ಲೆಕ್ಕ ಹಾಕಿದರೆ, ಒಬ್ಬ ಒಳ್ಳೆಯ ಚಿತ್ರಕಾರನಿಗೆ ಜೀವಮಾನಕ್ಕಾಗುವಷ್ಟು ಕೆಲಸ ಕನ್ನಡದ ದಿನಬಳಕೆಯ ಮಾತಿನಲ್ಲೇ ಇದೆ.

ನಲಿ-ಕಲಿಯಲ್ಲಿ ಕೆಲಸ ಮಾಡಿದ ಯಾವ ಶಿಕ್ಷಕಿಯೂ ಒಪ್ಪುವ ಇನ್ನೊಂದು ಉದಾಹರಣೆ ಕೊಡುತ್ತೇನೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹರಡಿದ ಈ ಪದ್ಧತಿಯಲ್ಲಿ ಮಗು ಅ, ಆ, ಇ, ಈ ಎಂದು ಶುರು ಮಾಡುವುದಿಲ್ಲ. ಮೊದಲಿಗೆ ಕಲಿಯುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು. ಈ ಐದೇ ಅಕ್ಷರಗಳಲ್ಲಿ ಅರಸ, ಗರಗಸ, ಸರಸರ, ಗರಗರ, ದರದರ ಎಂಬ ಪದಗಳಾಗುತ್ತವೆ. ಇವಿಷ್ಟರಿಂದಲೇ ಒಂದು ಚಿತ್ರಪುಸ್ತಕ ಮಾಡಬಹುದು. ಮೊದಲ ಪುಟದಲ್ಲಿ ಸಿಂಹಾಸನದ ಮೇಲೆ ಕೂತ ಅರಸ. ಎರಡನೆಯ ಪುಟದಲ್ಲಿ ಅವನ ಕೈಯಲ್ಲಿ, ಏಕೆಂದು ಯಾರಿಗೂ ತಿಳಿಯದಂತೆ, ಒಂದು ಗರಗಸ. ಮೂರನೆಯದರಲ್ಲಿ ತಾನು ಕೂತ ಸಿಂಹಾಸನದ ಕಾಲನ್ನೇ ಸರಸರ ಕೊಯ್ಯುತ್ತಿದ್ದಾನೆ. ಆಮೇಲೆ ಕಿರೀಟ ನೆಲದ ಮೇಲೆ ಗರಗರ ಸುತ್ತುತ್ತದೆ. ಕಡೆಗೆ ರಾಣಿ ಬಂದು ಅವನನ್ನು ದರದರ ಎಳೆದುಕೊಂಡು ಹೋಗುತ್ತಾಳೆ. ಪುಸ್ತಕದಲ್ಲಿ ಇರುವುದು ಐದು ಪದ, ಕತೆಯೆಲ್ಲ ಚಿತ್ರದಲ್ಲಿ. ಶಾಲೆಗೆ ಸೇರಿದ ಕೆಲವೇ ವಾರಗಳಲ್ಲಿ ಮಗು ಯಾರ ಸಹಾಯವೂ ಇಲ್ಲದೆ ಒಂದು ಇಡೀ ಪುಸ್ತಕವನ್ನು ಓದಿ ಮುಗಿಸಬಹುದು. ನಾನು ಇದನ್ನು ಕರಿಹಲಗೆಯ ಮೇಲೆ ಗೀಚಿ ತೋರಿಸಿದ ವರ್ಷ, ಮಕ್ಕಳು ಊಟದ ಗಂಟೆ ಹೊಡೆದರೂ ಅಳಿಸಲು ಬಿಡಲಿಲ್ಲ.

ನಮ್ಮಲ್ಲಿ ಒಳ್ಳೆಯ ಚಿತ್ರಪುಸ್ತಕಗಳೇ ಇಲ್ಲವೆಂದು ಹೇಳಿದರೆ ಅದು ಅನ್ಯಾಯವಾಗುತ್ತದೆ. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್, ವ್ಯಂಗ್ಯಚಿತ್ರಕಾರ ಶಂಕರ್ ಅವರು ಅದೇ ವರ್ಷ ಹುಟ್ಟುಹಾಕಿದ ಚಿಲ್ಡ್ರನ್ಸ್ ಬುಕ್ ಟ್ರಸ್ಟ್, ಚೆನ್ನೈನ ತೂಲಿಕಾ, ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಇವೆಲ್ಲ ಭಾರತದ ಮಕ್ಕಳಿಗೆ ಭಾರತದ ಮುಖಗಳಿರುವ ಚಿತ್ರಪುಸ್ತಕಗಳನ್ನು ಕೊಟ್ಟಿವೆ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಿಂದ ಯಾರು ಬೇಕಾದರೂ ಕತೆಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು, ಅನುವಾದಿಸಬಹುದು. ನಾನೇ ಅಲ್ಲಿಂದ ಎಷ್ಟೋ ಕತೆಗಳನ್ನು ಮುದ್ರಿಸಿ ತಂದು ಓದಿದ್ದೇನೆ, ಆ ಉಪಕಾರವನ್ನು ಮರೆಯಲಾರೆ.

ಆದರೂ ಕನ್ನಡದಲ್ಲಿ ನಮ್ಮ ಕೈಗೆ ಬರುವ ಚಿತ್ರಪುಸ್ತಕಗಳಲ್ಲಿ ಅನುವಾದಗಳದೇ ಮೇಲುಗೈ, ಅದಕ್ಕೆ ಅಚ್ಚುಕೂಟದ ಒಂದು ಸರಳ ಲೆಕ್ಕ ಕಾರಣ. ಬಣ್ಣದ ಪುಟವೊಂದು ನಾಲ್ಕು ಪ್ಲೇಟುಗಳಿಂದ ಅಚ್ಚಾಗುತ್ತದೆ: ಸಯಾನ್, ಮಜೆಂಟಾ, ಹಳದಿ ಮತ್ತು ಕಪ್ಪು. ಅಕ್ಷರಗಳನ್ನು ಕಪ್ಪಿನಲ್ಲೇ ಇಟ್ಟುಕೊಂಡರೆ, ಚಿತ್ರವನ್ನು ಒಮ್ಮೆ ಮಾಡಿಸಿ, ಕಪ್ಪು ಪ್ಲೇಟನ್ನಷ್ಟೇ ಬದಲಿಸಿ ಅದೇ ಪುಸ್ತಕವನ್ನು ಹತ್ತು ಭಾಷೆಗಳಲ್ಲಿ ತೆಗೆಯಬಹುದು. ಚಿತ್ರಕಾರರ ಸಂಭಾವನೆ, ಬಣ್ಣದ ಪ್ಲೇಟುಗಳ ಖರ್ಚು ಎಲ್ಲವೂ ಹತ್ತು ಭಾಷೆಗಳಿಗೆ ಹಂಚಿಹೋಗಿ ಬೆಲೆ ಇಳಿಯುತ್ತದೆ. ಕನ್ನಡಕ್ಕೆಂದೇ ಸಾವಿರ ಪ್ರತಿ ಹಾಕಿಸುವ ನಮ್ಮ ಪ್ರಕಾಶಕರು ಆ ಖರ್ಚನ್ನೆಲ್ಲ ಸಾವಿರ ಪ್ರತಿಗಳ ಮೇಲೇ ಹೇರಬೇಕು. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಈ ಲೆಕ್ಕದ ಪರಿಣಾಮವನ್ನು ಅನುಭವಿಸುವುದು ಮಗುವಿನ ಕಿವಿ. “ಅದೊಂದು ಸುಂದರವಾದ ದಿನವಾಗಿತ್ತು” ಎಂದು ಶುರುವಾಗುವ ಕತೆಯನ್ನು ನಮ್ಮ ಮಕ್ಕಳು ಕೇಳುತ್ತಾರೆ, ನಗುವುದಿಲ್ಲ. ಕನ್ನಡದಲ್ಲಿ ಹೀಗೆ ಯಾರೂ ಕತೆ ಶುರು ಮಾಡುವುದಿಲ್ಲವೆಂದು ಅವರಿಗೆ ಗೊತ್ತು. ಇಂಗ್ಲಿಷಿನ ನಾಲ್ಕು ಚಿಕ್ಕ ಪದಗಳಿಗೆಂದು ಬಿಟ್ಟ ಜಾಗದಲ್ಲಿ “ಓಡಿಹೋಗುತ್ತಿದ್ದಳಂತೆ” ಎಂಬಂಥ ಒಂದು ಪದವೇ ಹಿಡಿಸುವುದಿಲ್ಲ, ಆಗ ಅಕ್ಷರದ ಗಾತ್ರವನ್ನು ಕುಗ್ಗಿಸುತ್ತಾರೆ, ಸಾಲುಗಳನ್ನು ಹತ್ತಿರ ತರುತ್ತಾರೆ. “ಅಜ್ಜಿ”ಯ ಕೆಳಗಿನ ಒತ್ತು ಮುಂದಿನ ಸಾಲಿನ “ಬೆಕ್ಕಿ”ನ ತಲೆಗೆ ತಾಗುತ್ತದೆ. ದೊಡ್ಡವರು ಅದನ್ನು ಗಮನಿಸುವುದಿಲ್ಲ, ಆದರೆ ಒತ್ತಕ್ಷರವನ್ನು ಈಗಷ್ಟೇ ಕಲಿಯುತ್ತಿರುವ ಮಗು ಅಲ್ಲೇ ಎಡವುತ್ತದೆ. ಈ ತೊಂದರೆ ಕನ್ನಡದ ಮಾತು ಮೊದಲು ಹುಟ್ಟಿ ಅದಕ್ಕೆ ತಕ್ಕಂತೆ ಪುಟವನ್ನು ಕಟ್ಟಿದರೆ ಮಾತ್ರ ನೀಗುತ್ತದೆ. ಕಪ್ಪು ಪ್ಲೇಟಿನ ಅದೇ ಲೆಕ್ಕವನ್ನು ತಿರುಗಿಸಿ, ಕನ್ನಡದಲ್ಲಿ ಹುಟ್ಟಿದ ಪುಸ್ತಕವನ್ನು ತೆಲುಗು, ತಮಿಳು, ಮರಾಠಿಗೆ ಕಳಿಸಲು ಅಡ್ಡಿಯೇನಿದೆ?

ಕತೆಯ ಕೊನೆಯಲ್ಲಿ ಚೌಕ ಹಾಕಿ “ನೀತಿ” ಎಂದು ಅಚ್ಚು ಮಾಡುವ ಅಭ್ಯಾಸದ ಬಗ್ಗೆ ಹೆಚ್ಚು ಹೇಳಲಾರೆ, ಅದನ್ನು ನಾನೂ ಶಿಕ್ಷಕಿಯಾಗಿ ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದ್ದೇನೆ. ಗಿರತೆಯ ಪುಸ್ತಕ ನೋಡಿದ ಹಿರಿಯರೊಬ್ಬರು ಇದರಿಂದ ಮಕ್ಕಳಿಗೆ ಏನು ಸಂದೇಶ ಎಂದು ಕೇಳಿದರು. ಅವರು ಪ್ರೀತಿಯಿಂದಲೇ ಕೇಳಿದರು. ಮಕ್ಕಳು ಅದನ್ನು ಮತ್ತೆ ಮತ್ತೆ ಕೇಳಿ ಓದಿಸಿಕೊಳ್ಳುತ್ತಾರೆ ಎಂಬುದೊಂದೇ ನನ್ನ ಉತ್ತರವಾಗಿತ್ತು, ಈಗಲೂ ಅಷ್ಟೇ.

ನನ್ನನ್ನು ನಿಜವಾಗಿ ನೋಯಿಸಿದ್ದು ಬೇರೆ ಒಂದು ಘಟನೆ. ಹೋದ ವರ್ಷ ನೆರೆಯ ಊರಿನ ಒಂದು ಗ್ರಂಥಾಲಯಕ್ಕೆ ಹೋಗಿದ್ದೆ. ಮಕ್ಕಳ ವಿಭಾಗವೆಂದು ಫಲಕವಿದ್ದ ಕಪಾಟಿನಲ್ಲಿ ಸಾಮಾನ್ಯ ಜ್ಞಾನದ ಪುಸ್ತಕಗಳು, ಮಹನೀಯರ ಜೀವನಚರಿತ್ರೆಗಳು, ಪರೀಕ್ಷೆಯ ಕೈಪಿಡಿಗಳು ತುಂಬಿದ್ದವು. ಚಿತ್ರಪುಸ್ತಕ ಇಲ್ಲವೇ ಎಂದು ಕೇಳಿದಾಗ, ಬೀಗ ಹಾಕಿದ ಬೀರುವಿನಿಂದ ಇಪ್ಪತ್ತಕ್ಕೂ ಹೆಚ್ಚು ಅಂದವಾದ ಪುಸ್ತಕಗಳನ್ನು ತೆಗೆದು ತೋರಿಸಿದರು. ಅವುಗಳ ಮಡಿಕೆ ಕೂಡ ಮುರಿದಿರಲಿಲ್ಲ, ಬಿಡಿಸಿದರೆ ಹೊಸ ಶಾಯಿಯ ವಾಸನೆ ಬರುತ್ತಿತ್ತು. “ಚಿಕ್ಕ ಮಕ್ಕಳು ಹರಿದು ಹಾಕಿಬಿಡುತ್ತಾರೆ ಮೇಡಂ, ಲೆಕ್ಕ ತಪಾಸಣೆಯಲ್ಲಿ ನಾನು ಉತ್ತರ ಕೊಡಬೇಕು” ಎಂದರು ಅಲ್ಲಿನ ಮೇಲ್ವಿಚಾರಕರು. ಅವರ ಮೇಲೆ ನನಗೆ ಕೋಪವಿಲ್ಲ. ಕಡಿಮೆ ಸಂಬಳಕ್ಕೆ ದುಡಿಯುವ ವ್ಯಕ್ತಿಯೊಬ್ಬರು ಹರಿದ ಪುಸ್ತಕದ ಬೆಲೆಯನ್ನು ಕೈಯಿಂದ ಕಟ್ಟಬೇಕಾದೀತೆಂದು ಹೆದರಿದರೆ ತಪ್ಪು ಅವರದಲ್ಲ, ನಿಯಮದ್ದು. ಮೂರು ವರ್ಷದ ಮಗು ಪುಟ ತಿರುಗಿಸಲು ಕಲಿಯುವುದೇ ಕೆಲವು ಪುಟಗಳನ್ನು ಹರಿಯುವುದರ ಮೂಲಕ. ಶಾಲೆಯಲ್ಲಿ ಸೀಮೆಸುಣ್ಣ ಸವೆದರೆ ಯಾರೂ ಲೆಕ್ಕ ಕೇಳುವುದಿಲ್ಲ. ಎಳೆಯ ಮಕ್ಕಳ ಚಿತ್ರಪುಸ್ತಕವನ್ನೂ ಹಾಗೆಯೇ ಬಳಸಿ ಮುಗಿಯುವ ಸಾಮಗ್ರಿಯೆಂದು ಪರಿಗಣಿಸಿ, ಹರಿದದ್ದನ್ನು ದಾಸ್ತಾನು ಪುಸ್ತಕದಿಂದ ತೆಗೆದುಹಾಕುವ ಅಧಿಕಾರವನ್ನು ಮೇಲ್ವಿಚಾರಕರಿಗೇ ಕೊಡಬೇಕೆಂದು ಸರ್ಕಾರವನ್ನು ವಿನಂತಿಸುತ್ತೇನೆ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಯಲ್ಲಿರುವ 5,600ಕ್ಕೂ ಹೆಚ್ಚು ಗ್ರಂಥಾಲಯಗಳಿಗೆ ಇದಕ್ಕಾಗಿ ಒಂದು ಸುತ್ತೋಲೆ ಸಾಕು. 2020ರ ಮಕ್ಕಳ ದಿನದಂದು ‘ಓದುವ ಬೆಳಕು’ ಕಾರ್ಯಕ್ರಮವನ್ನು ಆರಂಭಿಸಿ ಲಕ್ಷಾಂತರ ಮಕ್ಕಳಿಗೆ ಈ ಗ್ರಂಥಾಲಯಗಳ ಬಾಗಿಲು ತೆರೆದ ಇಲಾಖೆಗೆ ಬೀರುವಿನ ಬಾಗಿಲು ತೆರೆಸುವುದು ಕಷ್ಟವಾಗಲಾರದು.

ಖರೀದಿಯ ವಿಚಾರವೂ ಇದಕ್ಕೆ ಹೊಂದಿಕೊಂಡೇ ಇದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಪುಸ್ತಕದ ಬೆಲೆಯನ್ನು ಪುಟಗಳ ಲೆಕ್ಕದಲ್ಲಿ ನಿಗದಿ ಮಾಡುವ ಪದ್ಧತಿ ಬಹುಕಾಲದಿಂದ ಬಂದಿದೆ. ಮುನ್ನೂರು ಪುಟದ ಕಾದಂಬರಿಗೆ ಆ ಅಳತೆ ಸರಿಹೋಗಬಹುದು. 16 ಅಥವಾ 24 ಪುಟಗಳಲ್ಲೇ ಮುಗಿಯಬೇಕಾದ, ಒಂದೊಂದು ಪುಟಕ್ಕೂ ಚಿತ್ರಕಾರರು ದಿನಗಟ್ಟಲೆ ಕೂತು ಕೆಲಸ ಮಾಡಿರುವ ಪುಸ್ತಕವನ್ನು ಅದೇ ಕೋಲಿನಿಂದ ಅಳೆದರೆ ಪ್ರಕಾಶಕರು ಒಂದೋ ಪುಸ್ತಕವನ್ನೇ ಕೈಬಿಡುತ್ತಾರೆ, ಇಲ್ಲವೇ ಮೂರು ಕತೆಗಳನ್ನು ಸೇರಿಸಿ ಚಿತ್ರಗಳನ್ನು ಕಿರಿದು ಮಾಡಿ ಪುಟ ಹೆಚ್ಚಿಸುತ್ತಾರೆ. ಏಳು ವರ್ಷದೊಳಗಿನ ಮಕ್ಕಳ ಚಿತ್ರಪುಸ್ತಕಗಳಿಗೆ ಪ್ರತ್ಯೇಕ ಆಯ್ಕೆ ಸಮಿತಿ, ಪ್ರತ್ಯೇಕ ದರ ಬೇಕು, ಆ ಸಮಿತಿಯಲ್ಲಿ ಒಬ್ಬ ಚಿತ್ರಕಾರರೂ ಒಬ್ಬ ಅಂಗನವಾಡಿ ಕಾರ್ಯಕರ್ತೆಯೂ ಇರಬೇಕು. ನಾವೆಲ್ಲ ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನು ಕಟ್ಟುತ್ತಿದ್ದೇವೆ, ಅದರಲ್ಲಿ ಎಳೆಯ ಮಕ್ಕಳಿಗೂ ಪಾಲಿದೆ.

ಚಿತ್ರಕಾರರ ಕೊರತೆಯಂತೂ ನಮಗಿಲ್ಲ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಿಂದ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಿಂದ ಪ್ರತಿವರ್ಷ ಹೊಸ ಕೈಗಳು ಹೊರಬರುತ್ತಿವೆ. ತೊಗಲುಬೊಂಬೆಯ ಹತ್ತು ತಲೆಯ ರಾವಣನನ್ನೂ ಹನುಮಂತನನ್ನೂ ನೋಡಿ ಬೆಳೆದ ನಾಡಿನಲ್ಲಿ ವಿಚಿತ್ರ ಆಕಾರಗಳಿಗೇನು ಬರ? ಆದರೆ ಅವರಿಗೆ ಮಕ್ಕಳ ಪುಸ್ತಕದ ಕೆಲಸವೆಂದರೆ ಕತೆ ಬರೆದು ಮುಗಿದ ಮೇಲೆ, ಅಚ್ಚಿಗೆ ಹೋಗುವ ಹಿಂದಿನ ವಾರ, ಅಲ್ಪ ಸಂಭಾವನೆಗೆ ನಾಲ್ಕು ಚಿತ್ರ ಮಾಡಿಕೊಡುವುದು ಎಂದಾಗಿಬಿಟ್ಟಿದೆ. ಹಲವು ಪುಸ್ತಕಗಳಲ್ಲಿ ಚಿತ್ರಕಾರರ ಹೆಸರನ್ನು ಹುಡುಕಲು ಕನ್ನಡಕ ಹಾಕಿಕೊಳ್ಳಬೇಕು. ರಕ್ಷಾಪುಟದ ಮೇಲೆ ಲೇಖಕರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಅವರ ಹೆಸರು ಬರಲಿ, ಗೌರವಧನದಲ್ಲಿ ಸಮಪಾಲು ಸಿಗಲಿ, ಕತೆ ಹುಟ್ಟುವಾಗಲೇ ಅವರೂ ಪಕ್ಕದಲ್ಲಿ ಕೂತಿರಲಿ. ಮಕ್ಕಳ ಪುಸ್ತಕಗಳಿಗೆ ಬಹುಮಾನ ಕೊಡುವ ಸಂಸ್ಥೆಗಳು ಬರಹಗಾರರ ಜೊತೆಗೆ ಚಿತ್ರಕಾರರನ್ನೂ ವೇದಿಕೆಗೆ ಕರೆಯಲಿ.

ಗಿರತೆಯ ಪುಸ್ತಕದ ದಾರ ಎರಡು ಸಲ ಕಿತ್ತುಬಂದಿದೆ, ಎರಡು ಸಲವೂ ಮಕ್ಕಳೇ ಹೊಲಿದಿದ್ದಾರೆ. ಏಳನೆಯ ಪುಟದಲ್ಲಿ ಬಾಲವಿರುವ ಜಾಗ ಬೆರಳು ತಾಗಿ ತಾಗಿ ತೂತು ಬಿದ್ದು, ಈಗ ಅಲ್ಲಿ ಅದರಡಿಯ ಹಾಳೆಯ ಚಿರತೆಯ ಒಂದು ಚುಕ್ಕೆ ಕಾಣಿಸುತ್ತದೆ. ಅದನ್ನು ಬಿಡಿಸಿದ ಹುಡುಗಿ ಈಗ ಎರಡನೆಯ ತರಗತಿಯಲ್ಲಿದ್ದಾಳೆ. ಗಿರತೆಗೆ ಕೊನೆಗೂ ಒಂದು ಚುಕ್ಕೆ ಸಿಕ್ಕಿತೆಂದು ಹೋದ ಶನಿವಾರ ಅವಳೇ ನನಗೆ ತೋರಿಸಿದಳು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ
ತುರುವೇಕೆರೆ ತಾಲ್ಲೂಕು, ತುಮಕೂರು ಜಿಲ್ಲೆ